ಎಡಗಡೆಯ ಬೋಲ್ಟು

ಮೇಸ್ತ್ರಿಯ ಶೆಡ್ಡಿನಲ್ಲಿ ಬಯ್ಗುಳ ತಿನ್ನಲು ನೂರು ದಾರಿಗಳಿದ್ದವು. ಸ್ಪ್ಯಾನರನ್ನು ಒರೆಸದೆ ಇಟ್ಟರೆ ಬಯ್ಗುಳ, ಬಿಚ್ಚಿದ ನಟ್ಟುಗಳನ್ನು ತಟ್ಟೆಗೆ ಹಾಕದೆ ನೆಲದ ಮೇಲೆ ಬಿಟ್ಟರೆ ಬಯ್ಗುಳ, ಜ್ಯಾಕ್ ಒಂದನ್ನೇ ನಂಬಿ ಲಾರಿಯ ಕೆಳಗೆ ತೂರಿದರಂತೂ ಆ ದಿನ ಊಟ ಸೇರದಷ್ಟು ಬಯ್ಗುಳ. ಕೆಂಪು ಬಟ್ಟೆಯ ವಿಷಯದಲ್ಲಿ ತಪ್ಪಿದವನಿಗೆ ಮಾತ್ರ ಬಯ್ಗುಳವೂ ಇಲ್ಲ, ನೇರವಾಗಿ ಗೇಟಿನ ದಾರಿ. ಅಂಥ ಮೇಸ್ತ್ರಿಯೇ ಆ ತಪ್ಪು ಮಾಡಿದ. ಮಾಡಿದ್ದಲ್ಲದೆ ಆರು ವಾರ ಬಾಯಿ ಬಿಡದೆ ಕೂತ. ಕೇಳಿದವರು ಅವನನ್ನು ಬಯ್ಯಬಹುದು, ಧಾರಾಳವಾಗಿ ಬಯ್ಯಲಿ. ಅವನು ತನ್ನನ್ನು ತಾನೇ ಬಯ್ದುಕೊಂಡದ್ದರ ಕಾಲು ಭಾಗಕ್ಕೂ ಅದು ಸಮವಾಗಲಾರದು.

ಬಟ್ಟೆಯ ವಿಷಯ ತಿಳಿಯಬೇಕಾದರೆ ಹಳೆಯ ಭಾರಿ ಲಾರಿಗಳ ಹ್ಯಾಂಡ್ ಬ್ರೇಕಿನ ವಿಷಯ ಒಂದಿಷ್ಟು ತಿಳಿದಿರಬೇಕು. ಅದರದು ಉಲ್ಟಾ ಲೆಕ್ಕ. ಹಿಂದಿನ ಗಾಲಿಗಳ ಹತ್ತಿರ, ಎಡಕ್ಕೊಂದು ಬಲಕ್ಕೊಂದು, ತಲೆಯ ಗಾತ್ರದ ಎರಡು ಕಬ್ಬಿಣದ ಡಬ್ಬಿಗಳಿರುತ್ತವೆ. ಒಂದೊಂದರ ಒಳಗೂ ಒಂದು ಬಲವಾದ ಸ್ಪ್ರಿಂಗು. ಲಾರಿಯ ಪೈಪುಗಳಲ್ಲಿ ಗಾಳಿ ತುಂಬಿರುವ ತನಕ ಅದು ಅದುಮಿಕೊಂಡು ಬಿದ್ದಿರುತ್ತದೆ, ಗಾಲಿ ತಿರುಗುತ್ತದೆ. ಡ್ರೈವರು ಹ್ಯಾಂಡ್ ಬ್ರೇಕು ಎಳೆದರೆ ಗಾಳಿ ಹೊರಗೆ ಹೋಗಿ ಸ್ಪ್ರಿಂಗು ಚಾಚಿಕೊಂಡು ಗಾಲಿಯನ್ನು ಹಿಡಿಯುತ್ತದೆ. ಗಾಳಿ ತುಂಬುವ ಕಂಪ್ರೆಸರೇ ಕೆಟ್ಟು ಕೂತರೂ ಅಷ್ಟೇ, ಲಾರಿ ನಿಂತಲ್ಲಿಂದ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಅದನ್ನು ಎಳೆದು ಶೆಡ್ಡಿಗೆ ತರಬೇಕಾದರೆ ಕೆಳಗೆ ಮಲಗಿ, ಪ್ರತಿ ಡಬ್ಬಿಯ ಬೆನ್ನಿಗೂ ಗೇಣುದ್ದದ ಒಂದು ಬೋಲ್ಟು ತೂರಿಸಿ, ಸ್ಪ್ಯಾನರಿನಿಂದ ತಿರುಗಿಸಿ ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆ ಕಟ್ಟಿಹಾಕಬೇಕು. ಬೋಲ್ಟು ಇರುವ ತನಕ ಆ ಗಾಲಿಗೆ ಹಿಡಿತವಿಲ್ಲ. ಹ್ಯಾಂಡ್ ಬ್ರೇಕು ಎಳೆದರೂ ಅದು ಬರೀ ತೋರಿಕೆಗೆ.

ಆದ್ದರಿಂದ ಮೇಸ್ತ್ರಿ ಮಾಡಿದ ಕಾಯಿದೆ ಹೀಗಿತ್ತು. ಬೋಲ್ಟು ಹಾಕುವ ಮೊದಲು ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಎರಡೂ ಬೋಲ್ಟು ತೆಗೆದ ಮೇಲೆ, ಕಟ್ಟಿದವನೇ ಬಂದು ಬಿಚ್ಚಬೇಕು. ಬೇರೆ ಯಾರೂ ಅದಕ್ಕೆ ಕೈ ಹಚ್ಚುವಂತಿಲ್ಲ. ಒಮ್ಮೆ ವೆಲ್ಡರು ಸೆಕೆ ತಾಳಲಾರದೆ ಆ ಬಟ್ಟೆಯಲ್ಲಿ ಮುಖ ಒರೆಸಿಕೊಂಡದ್ದಕ್ಕೆ ಒಂದು ತಿಂಗಳು ಮನೆಯಲ್ಲಿ ಕೂತಿದ್ದ.

ಶೆಡ್ಡು ಓನರಮ್ಮನದು. ಗಂಡ ತೀರಿಕೊಂಡ ಮೇಲೆ ಐದು ಹಳೆ ಲಾರಿಗಳನ್ನು ಮಾರಿಬಿಡಿ ಎಂದವರಿಗೆಲ್ಲ ಬಾಗಿಲು ತೋರಿಸಿ, ತಾನೇ ನಡೆಸಿಕೊಂಡು ಬಂದ ಹೆಂಗಸು. ಐದರಲ್ಲಿ ಎಲ್ಲಕ್ಕಿಂತ ಹಳೆಯದು ಅಜ್ಜಿ. ಇಪ್ಪತ್ತೇಳು ವರ್ಷದ ಆರು ಚಕ್ರದ ಲಾರಿಗೆ ಎಲ್ಲರೂ ಇಟ್ಟ ಹೆಸರು ಅದು. ಅಜ್ಜಿಯನ್ನು ಓಡಿಸುತ್ತಿದ್ದವನು ಮೇಸ್ತ್ರಿಯ ಸ್ವಂತ ತಂಗಿಯ ಗಂಡ. ಮೇಸ್ತ್ರಿ ಅವನನ್ನು ಭಾವ ಅನ್ನುತ್ತಿದ್ದ, ಅವನೂ ಮೇಸ್ತ್ರಿಯನ್ನು ಭಾವ ಅನ್ನುತ್ತಿದ್ದ. ಯಾರು ಯಾರನ್ನು ಕರೆದರು ಎಂದು ಶೆಡ್ಡಿನವರು ತಮಾಷೆ ಮಾಡುತ್ತಿದ್ದರು. ಇಬ್ಬರಿಗೂ ಐವತ್ತಾರು ಐವತ್ತೇಳರ ಪ್ರಾಯ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಎತ್ತಿದ ಕೈ.

ಭಾವನಿಗೆ ಒಂದೇ ಹೆಮ್ಮೆ. ಮೂವತ್ತೊಂದು ವರ್ಷ ಲಾರಿ ಓಡಿಸಿದ್ದಾನೆ, ಒಂದು ಗೀರು ಬಿದ್ದಿಲ್ಲ. ಅದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಜನ ಸೇರಿದಾಗ, ಲಾರಿ ಉಳಿಯುವುದು ಡ್ರೈವರಿನ ಕೈಯಲ್ಲಿ, ಮೆಕ್ಯಾನಿಕ್ಕು ನಟ್ಟು ತಿರುಗಿಸುತ್ತಾನೆ ಅಷ್ಟೇ, ಎಂದು ನಗುತ್ತಿದ್ದ. ಮೇಸ್ತ್ರಿಯೂ ನಗುತ್ತಿದ್ದ. ಆದರೆ ಆ ಮಾತು ಒಳಗೆ ಎಲ್ಲೋ ಮುಳ್ಳಿನ ಹಾಗೆ ಉಳಿದುಕೊಳ್ಳುತ್ತಿತ್ತು.

ಅಜ್ಜಿಯ ಕಂಪ್ರೆಸರು ಕೈಕೊಟ್ಟದ್ದು ಒಂದು ಸೋಮವಾರ. ರಸ್ತೆಯಲ್ಲೇ ಗಾಳಿ ಇಳಿದು ಲಾರಿ ನಿಂತುಬಿಟ್ಟಿತ್ತು. ಮೇಸ್ತ್ರಿ ಹೋಗಿ, ಸ್ಟೇರಿಂಗಿಗೆ ಬಟ್ಟೆ ಕಟ್ಟಿ, ಎರಡೂ ಬೋಲ್ಟು ಹಾಕಿ, ಇನ್ನೊಂದು ಲಾರಿಗೆ ಕಟ್ಟಿಸಿ ಎಳೆದು ತಂದ. ಎರಡು ದಿನ ಕಂಪ್ರೆಸರನ್ನು ಬಿಚ್ಚಿ ಹರವಿಕೊಂಡು ಕೂತ. ಆ ಮಾದರಿಯ ರಿಂಗುಗಳನ್ನು ಮಾಡುವುದನ್ನು ಕಂಪನಿಯವರು ಯಾವತ್ತೋ ನಿಲ್ಲಿಸಿದ್ದರು. ಬೇರೆಯದರ ರಿಂಗು ತಂದು, ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದ. ಅಂಥ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ.

ಬುಧವಾರ ಮಧ್ಯಾಹ್ನ ಎಲ್ಲ ಕೂಡಿಸಿ ಎಂಜಿನ್ ಶುರು ಮಾಡಿಸಿದ. ಗಾಳಿ ಏರತೊಡಗಿತು. ಕೆಳಗೆ ಮಲಗಿ ಬಲಗಡೆಯ ಬೋಲ್ಟು ತೆಗೆದ. ಮಂಡಿ ಹಿಡಿದುಕೊಂಡಿತ್ತು, ಆಮೆಯ ಹಾಗೆ ತೆವಳಿ ಹೊರಗೆ ಬಂದ. ಸುತ್ತು ಹಾಕಿ ಎಡಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಕಂಪ್ರೆಸರಿನ ಸದ್ದು ಕಿವಿಗೆ ಬಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಗಾಳಿ ಎಲ್ಲಿಗೆ ಬಂತು ನೋಡೋಣ ಎಂದು ಕ್ಯಾಬಿನ್ನಿಗೆ ಹತ್ತಿದ. ಮುಳ್ಳು ಸರಸರ ಏರುತ್ತಿತ್ತು. ಕೈಯೆಲ್ಲ ಗ್ರೀಸು. ಗ್ರೀಸು ಕೈಯಲ್ಲಿ ಸ್ಟೇರಿಂಗು ಮುಟ್ಟುವುದು ಅವನ ಇನ್ನೊಂದು ಕಾಯಿದೆಗೆ ವಿರೋಧ. ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ಎದುರಿಗಿದ್ದ ಬಟ್ಟೆ ಬಿಚ್ಚಿದ, ಕೈ ಒರೆಸಿಕೊಂಡ, ಹೆಗಲ ಮೇಲೆ ಹಾಕಿಕೊಂಡ. ಯಾವ ಬಟ್ಟೆ ಎಂದು ನೋಡಲಿಲ್ಲ.

ಅಲ್ಲಿಗೆ ಮುಗಿಯಿತು. ಬಟ್ಟೆ ಇಲ್ಲವೆಂದರೆ ಬೋಲ್ಟು ಇಲ್ಲ ಎಂದು ತನ್ನ ಕಣ್ಣಿಗೆ ವರ್ಷಗಟ್ಟಲೆ ಕಲಿಸಿದವನು ಅವನೇ. ಸ್ಟೇರಿಂಗು ಖಾಲಿ ಕಂಡಿತು, ಕಣ್ಣು ಒಪ್ಪಿತು, ಬುದ್ಧಿ ಸುಮ್ಮನಾಯಿತು. ಬೇರೆ ಯಾರೇ ಆಗಿದ್ದರೂ ಎಡಗಡೆ ಒಮ್ಮೆ ಬಗ್ಗಿ ನೋಡುತ್ತಿದ್ದರೇನೋ, ಕಾಯಿದೆ ಮಾಡಿದವನಿಗೆ ಅದರ ಅಗತ್ಯ ಕಾಣಲಿಲ್ಲ. ಅಂಗಳದಲ್ಲಿ ಹ್ಯಾಂಡ್ ಬ್ರೇಕು ಎಳೆದು ಪರೀಕ್ಷೆಯನ್ನೂ ಮಾಡಿದ. ಲಾರಿ ಖಾಲಿ, ಒಂದು ಕಡೆಯ ಸ್ಪ್ರಿಂಗೇ ಹಿಡಿದು ನಿಲ್ಲಿಸಿತು. ಭಾವ ಬಂದು ಕೀಲಿ ತೆಗೆದುಕೊಂಡು, ಅಜ್ಜಿಗೆ ಮತ್ತೆ ಹರೆಯ ಬಂತು ಭಾವ, ಎಂದು ಹೇಳಿ ಹೋದ.

ನಾಲ್ಕನೆಯ ದಿನ ಭಾವ ಹತ್ತು ಟನ್ ಮೂಟೆ ಹೇರಿಕೊಂಡು ಒಂದು ಗೋದಾಮಿಗೆ ಹೋಗಿ, ಅದರ ಇಳಿಜಾರಿನಲ್ಲಿ ಲಾರಿ ನಿಲ್ಲಿಸಿ, ಕಾಗದಕ್ಕೆ ಸಹಿ ಹಾಕಿಸಲು ಒಳಗೆ ಹೋಗಿದ್ದ. ಮೂಟೆ ಇಳಿಸುವ ಇಬ್ಬರು ಹಿಂದಿನಿಂದ ಹತ್ತಿದರು. ಆ ಅಲುಗಾಟಕ್ಕೆ ಲಾರಿ ಜಾರತೊಡಗಿತು. ಅವರಿಬ್ಬರೂ ಹಾರಿಕೊಂಡರು. ಭಾವ ಓಡಿ ಬಂದು, ಚಲಿಸುತ್ತಿದ್ದ ಲಾರಿಗೆ ಹತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ತಳ್ಳಿ, ಕಾಲಿನ ಬ್ರೇಕು ತುಳಿದ. ಅಷ್ಟರಲ್ಲಿ ಲಾರಿ ಕಾವಲುಗಾರನ ತಗಡಿನ ಗೂಡನ್ನು ಚಪ್ಪಟೆ ಮಾಡಿ ಗೋಡೆಗೆ ಒರಗಿತ್ತು. ಕಾವಲುಗಾರ ಅದೇ ಆಗ ನೀರು ತುಂಬಿಸಿಕೊಳ್ಳಲು ಎದ್ದು ಹೋಗಿದ್ದ. ಅದೊಂದು ಪುಣ್ಯ.

ಹ್ಯಾಂಡ್ ಬ್ರೇಕು ಹಾಕಿದ್ದೆ ಎಂದು ಭಾವ ಎಲ್ಲರ ಎದುರಿಗೂ ಆಣೆ ಮಾಡಿದ. ಆದರೆ ಹಿಡಿಕೆ ಈಗ ಬಿಟ್ಟ ಸ್ಥಿತಿಯಲ್ಲಿತ್ತು. ಓಡಿಬಂದ ಗಾಬರಿಯಲ್ಲಿ ಅದನ್ನು ತಾನೇ ತಳ್ಳಿದ್ದಿರಬೇಕು ಎಂದ. ಯಾರು ನಂಬುತ್ತಾರೆ? ಓನರಮ್ಮ ಬಂದರು, ಯಾರನ್ನೂ ಬಯ್ಯಲಿಲ್ಲ. ಮೇಸ್ತ್ರಿ ನೋಡಲಿ, ಅವರು ಹೇಳಿದ್ದೇ ಕೊನೇ ಮಾತು, ಎಂದರು.

ಮೇಸ್ತ್ರಿ ಟಾರ್ಚು ಹಿಡಿದು ಕೆಳಗೆ ತೂರಿದ. ಬಲಗಡೆ ಸರಿಯಾಗಿತ್ತು. ಎಡಕ್ಕೆ ಬೆಳಕು ಬಿಟ್ಟ. ಡಬ್ಬಿಯ ಬೆನ್ನಿನಲ್ಲಿ ಬೋಲ್ಟು ಗೇಣುದ್ದ ಚಾಚಿಕೊಂಡು ನಿಂತಿತ್ತು. ಹೊರಗೆ ಆರೇಳು ಜೊತೆ ಚಪ್ಪಲಿಗಳು ಕಾಣುತ್ತಿದ್ದವು, ಅದರಲ್ಲಿ ಭಾವನದೂ ಒಂದು. ಕರೆದು ತೋರಿಸಿದ್ದರೆ ಆಗಿಹೋಗುತ್ತಿತ್ತು. ಅರ್ಧ ನಿಮಿಷದ ಕೆಲಸ. ಆದರೆ ಮೇಸ್ತ್ರಿ ಕೈ ಇಟ್ಟರೆ ಎರಡನೇ ಸಲ ನೋಡಬೇಕಿಲ್ಲ ಎಂದು ಊರೆಲ್ಲ ಹೇಳುತ್ತಿದ್ದ ಮಾತು, ಒಂದು ತಿಂಗಳು ಮನೆಯಲ್ಲಿ ಕೂತಿದ್ದ ವೆಲ್ಡರಿನ ಮುಖ, ಎಲ್ಲ ಒಟ್ಟಿಗೆ ಅವನ ಮೇಲೆ ಬಂದು ಬಿದ್ದವು. ಇನ್ನೊಂದು ವಿಷಯವನ್ನೂ ಮುಚ್ಚಿಡುವಂತಿಲ್ಲ. ಭಾವನ ಮೂವತ್ತೊಂದು ವರ್ಷದ ಹೆಮ್ಮೆ ಮುರಿದು ಬಿದ್ದದ್ದು ನೆನಪಾಗಿ ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಹಿತವೆನಿಸಿತ್ತು. ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಕ್ಷಣವೇ.

ಸದ್ದಾಗದ ಹಾಗೆ ಬೋಲ್ಟು ತೆಗೆದ. ಅದನ್ನು ಇಟ್ಟುಕೊಳ್ಳಲು ಡಬ್ಬಿಯ ಪಕ್ಕದಲ್ಲೇ ಒಂದು ಜಾಗವಿರುತ್ತದೆ, ಅಲ್ಲಿ ಸಿಕ್ಕಿಸಿದ. ತೆವಳಿ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಬ್ರೇಕಿನಲ್ಲಿ ಏನೂ ದೋಷವಿಲ್ಲ ಎಂದ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹೇಳುವ ಹೊತ್ತಿಗೆ ದೋಷ ಇರಲಿಲ್ಲ. ಇಂಥ ಜಾಣತನಕ್ಕೆ ಬೆಂಕಿ ಬೀಳಲಿ.

ಭಾವ ನಾಲ್ಕು ದಿನ ಬಯ್ಸಿಕೊಳ್ಳುತ್ತಾನೆ, ಐದನೆಯ ದಿನ ಎಲ್ಲರೂ ಮರೆಯುತ್ತಾರೆ ಎಂದು ಮೇಸ್ತ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಲ್ಲರೂ ಮರೆತರು, ನಿಜ. ಭಾವ ಮರೆಯಲಿಲ್ಲ. ಮೊದಲ ದಿನ ಹಾಕಿದ್ದೆ ಎಂದ. ಎರಡು ದಿನ ಬಿಟ್ಟು, ಹಾಕಿದ್ದೆ ಅನಿಸುತ್ತೆ ಎಂದ. ವಾರ ಕಳೆಯುವಷ್ಟರಲ್ಲಿ, ಮೇಸ್ತ್ರಿ ನೋಡಿ ಹೇಳಿದ ಮೇಲೆ ಇನ್ನೇನಿದೆ, ನಾನೇ ಮರೆತಿರಬೇಕು, ಎನ್ನುವಲ್ಲಿಗೆ ಬಂದ. ಓನರಮ್ಮನ ಹತ್ತಿರ ತಾನೇ ಹೋಗಿ, ನನ್ನ ಕೈಗೆ ಲಾರಿ ಕೊಡಬೇಡಿ ಎಂದು ಕೀಲಿ ಒಪ್ಪಿಸಿದ. ಅವರು ಅವನನ್ನು ಗೇಟಿನಲ್ಲಿ ಕೂರಿಸಿದರು. ಹೋಗುವ ಬರುವ ಲಾರಿಗಳ ಸಮಯ ಬರೆದುಕೊಳ್ಳುವುದು ಅವನ ಕೆಲಸವಾಯಿತು.

ಮೇಸ್ತ್ರಿ ದಿನಾ ಆ ಗೇಟಿನಿಂದಲೇ ಒಳಗೆ ಬರಬೇಕು. ಭಾವ ಕುರ್ಚಿಯಿಂದ ಅರ್ಧ ಎದ್ದು, ಬಂದ್ರಾ ಭಾವ, ಎನ್ನುತ್ತಿದ್ದ. ಮೊದಲು ಅವನ ದನಿ ಶೆಡ್ಡಿನ ಆ ತುದಿಗೆ ಕೇಳುತ್ತಿತ್ತು. ಈಗ ಎದುರಿಗೆ ನಿಂತವನಿಗೂ ಕಷ್ಟ. ಅದಕ್ಕಿಂತ ಕೆಟ್ಟದ್ದು ಜನ ಆಡುತ್ತಿದ್ದ ಮಾತು. ಮೇಸ್ತ್ರಿ ಅಂದರೆ ಮೇಸ್ತ್ರಿ, ಸ್ವಂತ ತಂಗಿಯ ಗಂಡ ಅಂತಲೂ ನೋಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು, ಎಂದು ಹೊಗಳುತ್ತಿದ್ದರು. ಹೊಗಳಿದವರ ಮುಖಕ್ಕೆ ಉಗಿಯಬೇಕು ಅನಿಸುತ್ತಿತ್ತು ಮೇಸ್ತ್ರಿಗೆ. ಉಗಿಯಬೇಕಾದ ಮುಖ ಯಾವುದೆಂದೂ ಗೊತ್ತಿತ್ತು.

ಹೇಳಲು ಪ್ರಯತ್ನ ಪಡಲಿಲ್ಲವೇ? ಪಟ್ಟ, ಹೇಡಿಗಳು ಪಡುವ ಹಾಗೆ. ಯಾವುದೋ ವಾಲ್ವು ಸಿಕ್ಕಿಕೊಂಡಿತ್ತೋ ಏನೋ ಎಂದು ಓನರಮ್ಮನ ಎದುರು ತೊದಲಿದ. ಭಾವನಿಗೋಸ್ಕರ ಮನಸ್ಸು ಮರುಗುವುದು ಸಹಜ, ಆದರೆ ನೀವೇ ನೋಡಿ ಹೇಳಿದ್ದೀರಲ್ಲ, ಎಂದು ಅವರು ಮಾತು ಮುಗಿಸಿದರು. ತಂಗಿಯ ಮನೆಗೆ ಹೋಗಿ ಕೇಳದಿದ್ದರೂ ನೀರಿನ ಪಂಪು ಬಿಚ್ಚಿ ರಿಪೇರಿ ಮಾಡಿದ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಹಾಕಿದ. ತಂಗಿ, ಅಣ್ಣ ಎಂದರೆ ಹೀಗಿರಬೇಕು ಎಂದಳು. ಅವಳು ಕೊಟ್ಟ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಆರನೆಯ ವಾರ ತಂಗಿ ಶೆಡ್ಡಿಗೇ ಬಂದಳು. ಯಾವತ್ತೂ ಬಂದವಳಲ್ಲ. ಟೈರುಗಳ ರಾಶಿಯ ಮರೆಗೆ ಅಣ್ಣನನ್ನು ಕರೆದು, ಸೆರಗಿನೊಳಗಿಂದ ಒಂದು ಸಣ್ಣ ನೋಟ್ ಪುಸ್ತಕ ತೆಗೆದು ಕೊಟ್ಟಳು. ಭಾವನ ಅಂಗಿಯ ಜೇಬಿನಲ್ಲಿ ಇರುತ್ತದಂತೆ, ಒಗೆಯಲು ಹಾಕುವಾಗ ಸಿಕ್ಕಿತಂತೆ. ಮೇಸ್ತ್ರಿ ತೆರೆದು ನೋಡಿದ. ಭಾವನ ದಪ್ಪ ಅಕ್ಷರ. ಗ್ಯಾಸ್ ಆರಿಸಿದೆ, ೮.೪೦. ಬೀಗ ಹಾಕಿದೆ, ೮.೪೫. ಮತ್ತೆ ಹೋಗಿ ನೋಡಿದೆ, ಹಾಕಿದೆ, ೮.೫೦. ನಲ್ಲಿ ನಿಲ್ಲಿಸಿದೆ. ನಿಲ್ಲಿಸಿದ್ದೇನೆ. ಪುಟದ ಮೇಲೆ ಪುಟ ಹೀಗೇ ಇತ್ತು.

ತಂಗಿ ಉಳಿದದ್ದನ್ನೂ ಹೇಳಿದಳು. ಮಗಳು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳಂತೆ. ಡಾಕ್ಟರು ನೆನಪು ಪರೀಕ್ಷಿಸಲು, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರಂತೆ. ರಸ್ತೆಯಲ್ಲಿ ಹೋಗುತ್ತಲೇ ಎಷ್ಟು ಮೈಲಿಗೆ ಎಷ್ಟು ಲೀಟರ್ ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಮನುಷ್ಯ, ತೊಂಬತ್ಮೂರು ಎಂದು ಹೇಳಿ ಬೆವರಿ ಕೂತನಂತೆ. ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ಅವನಿಗೆ ದಿನದ ದೊಡ್ಡ ಸಂತೋಷ. ಈಗ ತಾನೇ, ಮಗುವನ್ನು ನನ್ನ ಜೊತೆ ಕಳಿಸಬೇಡಿ, ಎಲ್ಲಾದರೂ ಬಿಟ್ಟು ಬಂದುಬಿಟ್ಟೇನು, ಎಂದಿದ್ದಾನಂತೆ. ಬರುವ ಸೋಮವಾರ ಲೈಸೆನ್ಸಿನ ಅವಧಿ ಮುಗಿಯುತ್ತದೆ, ಹೊಸದು ಮಾಡಿಸುವುದಿಲ್ಲ ಎಂದು ಕೂತಿದ್ದಾನಂತೆ.

"ಅಣ್ಣ, ನಿನ್ನ ಮಾತು ಅಂದ್ರೆ ಅವರಿಗೆ ವೇದ," ಎಂದಳು. "ಒಂದೇ ಒಂದು ಸಲ ಮರೆತಿದ್ದು, ಎಲ್ರಿಗೂ ಆಗುತ್ತೆ ಅಂತ ನೀನಾದ್ರೂ ಹೇಳು. ಮನುಷ್ಯ ಕಣ್ಣೆದುರಿಗೇ ಕರಗಿ ಹೋಗ್ತಿದಾರೆ."

ಮೇಸ್ತ್ರಿಗೆ ಅವಳ ಮುಖ ನೋಡಲಾಗಲಿಲ್ಲ. ಬುದ್ಧಿ ಬಂದಾಗಿನಿಂದ ಅಣ್ಣನ ಬೆನ್ನ ಹಿಂದೆ ಸುತ್ತಿದ ತಂಗಿ. ಹೇಳುತ್ತೇನೆ ಎಂದ. ಏನು ಹೇಳುತ್ತಾನೆಂದು ಅವಳಿಗೇನು ಗೊತ್ತು? ಕಣ್ಣೊರೆಸಿಕೊಂಡು, ಹಗುರಾಗಿ ಹೋದಳು. ಅವನು ಟೈರುಗಳ ಮರೆಯಲ್ಲೇ ಬಹಳ ಹೊತ್ತು ನಿಂತಿದ್ದ. ನಾಚಿಕೆಯಿಂದ ಹಿಡಿಯಷ್ಟಾಗುವುದು ಅಂದರೆ ಏನೆಂದು ಅವನಿಗೆ ಅರ್ಥವಾಗಿತ್ತು. ಇನ್ನು ಸಹಿಸುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ.

ನೇರ ಗೇಟಿಗೆ ನಡೆದ. ಭಾವ ಎಂದಿನಂತೆ ಅರ್ಧ ಎದ್ದ. ಮೇಸ್ತ್ರಿ ಕೂರಲೂ ಇಲ್ಲ, ಪೀಠಿಕೆಯನ್ನೂ ಹಾಕಲಿಲ್ಲ. ಎಡಗಡೆಯ ಬೋಲ್ಟು ಬಿಟ್ಟದ್ದು ನಾನು, ಆ ದಿನ ಗೋದಾಮಿನಲ್ಲಿ ಅದನ್ನು ಕಂಡೂ ತೆಗೆದು ಮುಚ್ಚಿಟ್ಟದ್ದು ನಾನು, ನೀವು ಬ್ರೇಕು ಹಾಕಿದ್ದಿರಿ, ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕಪಾಳಕ್ಕೆ ಬೀಳುತ್ತದೆ ಎಂದು ಕಾದು ನಿಂತ.

ಭಾವ ಅವನನ್ನೇ ನೋಡಿದ. ಕಣ್ಣು ತುಂಬಿ ಬಂತು. ಎದ್ದು ಬಂದು ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡ.

"ಅವಳು ಬಂದಿದ್ಲು ಅಲ್ವಾ?" ಎಂದ. "ಗೇಟಲ್ಲಿ ಕೂತವನು ನಾನು, ನನಗೆ ಕಾಣಲ್ವಾ ಭಾವ? ನನಗೋಸ್ಕರ ನಿಮ್ಮ ಹೆಸರು ಹಾಳು ಮಾಡ್ಕೋಬೇಡಿ. ನೀವು ಬೋಲ್ಟ್ ಬಿಡೋ ಮನುಷ್ಯನಾ?"

ಮೇಸ್ತ್ರಿ ಮತ್ತೆ ಹೇಳಿದ, ಆಣೆ ಇಟ್ಟ. ಎಷ್ಟು ಹೇಳಿದರೆ ಅಷ್ಟು ಭಾವನ ಹಿಡಿತ ಬಿಗಿಯಾಯಿತು. ಇಷ್ಟು ಪ್ರೀತಿ ಇಟ್ಟುಕೊಂಡಿದ್ದೀರಿ ಎಂದು ಗೊತ್ತಿರಲಿಲ್ಲ ಭಾವ, ಎಂದ. ಮೇಸ್ತ್ರಿ ಕೈ ಕೊಡವಿಕೊಂಡು ಓನರಮ್ಮನ ಕೋಣೆಗೆ ಓಡಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎಲ್ಲ ಕೇಳಿದರು. ಮೇಸ್ತ್ರಿ, ನಿಮ್ಮ ಕೈಯಲ್ಲಿ ಆ ತಪ್ಪು ಆಗುತ್ತದೆಂದು ನೀವೇ ಹೇಳಿದರೂ ನಾನು ನಂಬುವುದಿಲ್ಲ, ಎಂದರು. ಸಂಬಂಧ ಎಂದರೆ ಹೀಗಿರಬೇಕು ಎಂದೂ ಸೇರಿಸಿದರು. ಕೇಳುತ್ತ ನಿಂತಿದ್ದ ವೆಲ್ಡರು ತಲೆಯಾಡಿಸಿದ. ಬೆನ್ನ ಮೇಲೆ ಬಾರುಕೋಲು ಬೀಳಲಿ ಎಂದು ಬಗ್ಗಿ ನಿಂತವನಿಗೆ ಎಲ್ಲರೂ ಬೆನ್ನು ಸವರಿ ಹೋಗುತ್ತಿದ್ದರು. ನಾಚಿಕೆಗೂ ಒಂದು ಮಿತಿ ಬೇಡವೇ?

ಅಜ್ಜಿ ಆಗ ಅಂಗಳದಲ್ಲೇ ನಿಂತಿತ್ತು, ಬೇರೆ ಡ್ರೈವರಿನ ಕೈಯಲ್ಲಿ, ಹತ್ತು ಟನ್ ತುಂಬಿಕೊಂಡು ಹೊರಡಲು ಸಿದ್ಧವಾಗಿ. ಶೆಡ್ಡಿನಿಂದ ರಸ್ತೆಗೆ ಏರುವ ದಾರಿ ಗೋದಾಮಿನದರಷ್ಟೇ ಇಳಿಜಾರು. ಮೇಸ್ತ್ರಿ ಲಾರಿಯನ್ನು ಆ ಏರಿನ ಮೇಲೆ ನಿಲ್ಲಿಸಲು ಹೇಳಿದ. ಹಿಂದಿನ ಗಾಲಿಗಳಿಗೆ ಒಂದು ಮೊಳ ದೂರದಲ್ಲಿ ದಪ್ಪ ಮರದ ದಿಮ್ಮಿಗಳನ್ನು ಅಡ್ಡ ಇಡಿಸಿದ. ಯಾರೂ ಹಿಂದೆ ಸುಳಿಯಬಾರದು ಎಂದು ಗದರಿದ. ಸ್ಟೇರಿಂಗಿಗೆ ಬಟ್ಟೆ ಕಟ್ಟಿದ. ಆಮೇಲೆ ಓನರಮ್ಮನನ್ನು ಕರೆದು, ನೀವೇ ಬಗ್ಗಿ ನೋಡಿ ಎಂದು ಹೇಳಿ, ಕೆಳಗೆ ಮಲಗಿ ಎಡಗಡೆಗೆ ಬೋಲ್ಟು ಹಾಕಿದ. ಬಲಗಡೆ ಮುಟ್ಟಲಿಲ್ಲ. ಎದ್ದು ಬಂದು ಭಾವನಿಗೆ, ಹತ್ತಿ, ಹ್ಯಾಂಡ್ ಬ್ರೇಕು ಎಳೆಯಿರಿ, ನಿಮ್ಮ ಕೈಯಿಂದಲೇ ಎಳೆಯಿರಿ, ಎಂದ.

ಭಾವ ಹತ್ತಲು ಒಪ್ಪಲಿಲ್ಲ. ಆರು ವಾರದಿಂದ ಲಾರಿಯ ಮೆಟ್ಟಿಲು ತುಳಿದಿರಲಿಲ್ಲ. ಓನರಮ್ಮ ಹೇಳಿದ ಮೇಲೆ, ಎರಡೂ ಕೈಯಿಂದ ಬಾಗಿಲಿನ ಕಂಬಿ ಹಿಡಿದು ಹತ್ತಿ ಕೂತ. ಕಾಲು ಬ್ರೇಕಿನ ಮೇಲಿಟ್ಟ. ಹ್ಯಾಂಡ್ ಬ್ರೇಕು ಎಳೆದ. ಬುಸ್ಸೆಂದು ಗಾಳಿ ಹೋದದ್ದು ಎಲ್ಲರಿಗೂ ಕೇಳಿಸಿತು. ಕಾಲು ತೆಗೆದ. ಲಾರಿ ನಿಂತಿತು. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ವೆಲ್ಡರು, ನಿಂತೇ ಇದೆಯಲ್ಲ, ಎಂದು ಹಿಂದಿನ ಹಲಗೆಗೆ ಪಕ್ಕದಿಂದ ಭುಜ ಕೊಟ್ಟು ಒಮ್ಮೆ ಅಲುಗಿಸಿದ. ಅಷ್ಟೇ ಸಾಕಾಯಿತು. ಒಂದು ಗಾಲಿ ಕಿರ್ರೆಂದಿತು, ಇನ್ನೊಂದು ತಣ್ಣಗೆ ತಿರುಗಿತು, ಅಜ್ಜಿ ಹಿಂದಕ್ಕೆ ಜಾರಿ ದಿಮ್ಮಿಗೆ ಬಂದು ಒರಗಿತು.

ಕ್ಯಾಬಿನ್ನಿನಿಂದ ಭಾವನ ದನಿ ಬಂತು. ಇನ್ನೊಂದು ಸಲ, ಎಂದ. ಲಾರಿಯನ್ನು ತಾನೇ ಮುಂದಕ್ಕೆ ಏರಿಸಿದ, ನಿಲ್ಲಿಸಿದ, ಬ್ರೇಕು ಎಳೆದ. ವೆಲ್ಡರು ಅಲುಗಿಸಿದ. ಮತ್ತೆ ಜಾರಿತು. ಭಾವ ಹಿಡಿಕೆಯ ಮೇಲಿದ್ದ ತನ್ನ ಕೈಯನ್ನೇ ನೋಡುತ್ತ ಕೂತ. ಮೂರನೆಯ ಸಲವೂ ಮಾಡಿದ, ಆಮೇಲೆ ಎಂಜಿನ್ ಆರಿಸಿ ಇಳಿದು ಬಂದ. ಇಳಿಯುವಾಗ ಕಂಬಿ ಹಿಡಿಯಲಿಲ್ಲ.

ಮೇಸ್ತ್ರಿಯ ಎದುರಿಗೆ ಬಂದು ನಿಂತ. ಬಯ್ಯಲಿಲ್ಲ.

"ಗೋದಾಮಲ್ಲಿ ಕೆಳಗಡೆ ಹೋದ್ರಲ್ಲ, ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಡಾಕ್ಟ್ರ ಹತ್ರ ಹೋಗಿದ್ದು?"

"ಅದು ಇವತ್ತೇ ಗೊತ್ತಾಗಿದ್ದು."

"ಇವತ್ತು ಗೊತ್ತಾಗದೇ ಇದ್ದಿದ್ರೆ?"

ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಓನರಮ್ಮ ಕನ್ನಡಕ ಹಾಕಿಕೊಂಡು ಅವನನ್ನು ಹೊಸದಾಗಿ ನೋಡುವವರ ಹಾಗೆ ನೋಡಿ, ಒಳಗೆ ಹೋದರು. ವೆಲ್ಡರು ಸ್ಟೇರಿಂಗಿನ ಕೆಂಪು ಬಟ್ಟೆಯ ಕಡೆ ಒಮ್ಮೆ, ಮೇಸ್ತ್ರಿಯ ಕಡೆ ಒಮ್ಮೆ ನೋಡಿ, ನೆಲಕ್ಕೆ ಉಗಿದು ತನ್ನ ಕೆಲಸಕ್ಕೆ ಹೋದ.

ಭಾವ ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿದ. ಹಳೆಯ ಫೋನು. ಎರಡು ಮಾರು ದೂರ ನಿಂತವರಿಗೂ ಆ ಕಡೆಯ ಮಾತು ಕೇಳುತ್ತಿತ್ತು.

"ನಾನು ಹಾಕಿದ್ದೆ ಕಣೇ," ಎಂದ. "ಬ್ರೇಕು. ನಾನು ಹಾಕಿದ್ದೆ. ಮರೆತಿರಲಿಲ್ಲ."

ಆ ಕಡೆ ಅವಳು ಒಮ್ಮೆಗೇ ಅತ್ತಳು, ಒಮ್ಮೆಗೇ ನಕ್ಕಳು. ಬೋಲ್ಟು ಒಂದು ಒಳಗೇ ಉಳಿದುಬಿಟ್ಟಿತ್ತಂತೆ ಎಂದು ಭಾವ ಹೇಳಿದ. ಯಾರು ಹೇಳಿದ್ದು ಎಂದು ಕೇಳಿದಳು. ಭಾವ ಮೇಸ್ತ್ರಿಯ ಕಡೆ ನೋಡುತ್ತ, ನಿಮ್ಮಣ್ಣ, ಎಂದ.

"ನೋಡಿದ್ರಾ? ನಾನು ಹೇಳಿರಲಿಲ್ವಾ?" ಅವಳ ದನಿ ಅಂಗಳಕ್ಕೆಲ್ಲ ಕೇಳಿತು. "ನಾನು ಹೋಗಿ ಬಂದಿದ್ದೇ ತಡ, ಕಂಡುಹಿಡಿದೇಬಿಟ್ಟ. ಅಣ್ಣ ಇದ್ದಾಗ ನಮಗೇನು ಭಯ? ಫೋನು ಕೊಡಿ ಅವನಿಗೆ."

ಭಾವ ಫೋನನ್ನು ಕಿವಿಯಿಂದ ತೆಗೆದು ಮೇಸ್ತ್ರಿಯ ಮುಂದೆ ಹಿಡಿದ.

"ತಗೊಳ್ಳಿ," ಎಂದ. "ನೀವೇ ಹೇಳಿ."

ಮೇಸ್ತ್ರಿ ಗ್ರೀಸು ಕೈಯಲ್ಲೇ ತೆಗೆದುಕೊಂಡ. ಅಣ್ಣಾ, ಎಂದಳು ತಂಗಿ. ನಿನ್ನ ಋಣ ಹೇಗೆ ತೀರಿಸಲಿ ಎಂದಳು, ರಾತ್ರಿ ಊಟಕ್ಕೆ ಇಲ್ಲಿಗೇ ಬಾ ಎಂದಳು, ಇವರು ನಾಳೆಯಿಂದ ಮಗುವನ್ನು ಕರೆತರಲು ಹೋಗಬಹುದಲ್ಲ ಎಂದಳು. ಅವಳ ಮಾತು ನಿಲ್ಲುವ ತನಕ ಅವನು ಕಾದ. ಕಾಯುವಾಗ, ಈಗಲೂ ಹೌದು ಎಂದು ಸುಮ್ಮನಾಗಬಹುದು ಎಂಬ ಯೋಚನೆ ಬಾರದಿರಲಿಲ್ಲ. ಭಾವ ಎದುರಿಗೇ ನಿಂತಿದ್ದ.

"ಕಂಡುಹಿಡಿದಿದ್ದಲ್ಲಮ್ಮ," ಎಂದ ಮೇಸ್ತ್ರಿ. "ಅದನ್ನ ಬಿಟ್ಟಿದ್ದು ನಾನೇ. ಲಾರಿ ಗುದ್ದಿದ ದಿನವೇ ನನಗೆ ಗೊತ್ತಾಯ್ತು. ಹೇಳಲಿಲ್ಲ. ಇಷ್ಟು ದಿನ ಸುಮ್ಮನಿದ್ದೆ."

ಆ ಕಡೆಯಿಂದ ಅವನು ಮೊನ್ನೆ ರಿಪೇರಿ ಮಾಡಿಕೊಟ್ಟ ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು. ಲೈನು ಹೋಯಿತೇನೋ ಅಂದುಕೊಂಡ. ಎರಡು ಸಲ ಅವಳನ್ನು ಕರೆದ.

"ಫೋನು ಅವರಿಗೆ ಕೊಡು," ಎಂದಳು ತಂಗಿ. ಅಣ್ಣ ಎನ್ನಲಿಲ್ಲ.

ಮೇಸ್ತ್ರಿ ಕೊಟ್ಟ.